ಫೆರ್ರಾಗೋಸ್ತೊ

ಫೆರ್ರಾಗೋಸ್ತೊ ಇಟಲಿ ದೇಶದಲ್ಲಿ ಪ್ರತಿವರ್ಷ ಆಗಸ್ಟ್ ೧೫ರಂದು ಆಚರಿಸಲಾಗುವ ಹಬ್ಬ ಹಾಗೂ ಸಾರ್ವಜನಿಕ ರಜಾದಿನ. ಆ ದೇಶದಲ್ಲಿ ಆಗಸ್ಟ್ ತಿಂಗಳು ಬೇಸಿಗೆಯ ನಡುಗಾಲವಾದುದರಿಂದ ಬೇಸಿಗೆ ರಜೆಯ ಮುಖ್ಯ ದಿನವೆಂದೂ ಇದನ್ನು ಪರಿಗಣಿಸಲಾಗುತ್ತದೆ. ರೋಮನ್ ಚಕ್ರವರ್ತಿ, ಕ್ರೈಸ್ತ ಧರ್ಮಸಭೆ ಮತ್ತು ಇಪ್ಪತ್ತನೆಯ ಶತಮಾನದ ಫ್ಯಾಸಿಸ್ಟ್ ಸರ್ಕಾರ ಈ ದಿನಕ್ಕೆ ತಮ್ಮದೇ ಅರ್ಥಗಳನ್ನು ನೀಡಿದವು. ಆದರೆ ದುಡಿಯುವವರ ವಿಶ್ರಾಂತಿಯ ದಿನವೆಂಬ ಅದರ ಮೂಲ ಸ್ವರೂಪ ಇಂದಿಗೂ ಉಳಿದುಬಂದಿದೆ.

ಹೆಸರು ಮತ್ತು ಮೂಲ

'ಫೆರ್ರಾಗೋಸ್ತೊ' ಎಂಬ ಹೆಸರು ಲ್ಯಾಟಿನ್ ಭಾಷೆಯ 'ಫೆರಿಯೆ ಅಗುಸ್ತಿ' ಎಂಬುದರಿಂದ ಬಂದಿದೆ. 'ಅಗಸ್ಟಸನ ವಿರಾಮದ ದಿನಗಳು' ಎಂಬುದು ಇದರ ಅರ್ಥ. ಕ್ರಿ.ಪೂ. ೧೮ರಲ್ಲಿ ಚಕ್ರವರ್ತಿ ಅಗಸ್ಟಸ್ ಇದನ್ನು ಜಾರಿಗೆ ತಂದನು. ಆಗ ಈ ತಿಂಗಳ ಹೆಸರು 'ಸೆಕ್ಸ್ಟಿಲಿಸ್' ಎಂದಿತ್ತು, ಕ್ರಿ.ಪೂ. ೮ರಲ್ಲಿ ಚಕ್ರವರ್ತಿಯ ಗೌರವಾರ್ಥ ಅದನ್ನು 'ಅಗಸ್ಟಸ್' ಎಂದು ಬದಲಾಯಿಸಲಾಯಿತು.

ಅಗಸ್ಟಸನಿಗಿಂತ ಮೊದಲೇ ಈ ತಿಂಗಳಿನಲ್ಲಿ ಸುಗ್ಗಿಯ ಹಬ್ಬಗಳಿದ್ದವು. ಧಾನ್ಯ ಸಂಗ್ರಹದ ದೇವತೆಯಾದ ಕೋನ್ಸಸನ ಹಬ್ಬ 'ಕೋನ್ಸುವಾಲಿಯಾ' ಅವುಗಳಲ್ಲಿ ಒಂದು. ಅಂದು ಕುದುರೆ ಮತ್ತು ಹೇಸರಗತ್ತೆಗಳನ್ನು ಕೆಲಸಕ್ಕೆ ಹಚ್ಚದೆ ಹೂಮಾಲೆಗಳಿಂದ ಸಿಂಗರಿಸಲಾಗುತ್ತಿತ್ತು. ಹೊಸ ಹಬ್ಬವು ಇಂತಹ ಆಚರಣೆಗಳೊಡನೆ ಬೆರೆತು, ಗೋಧಿಯ ಕೊಯ್ಲಿಗೂ ದ್ರಾಕ್ಷಿಯ ಕೊಯ್ಲಿಗೂ ನಡುವೆ ದೀರ್ಘ ವಿರಾಮವನ್ನು ಒದಗಿಸಿತು. ಆಳುಗಳು ಒಡೆಯರಿಗೆ ಶುಭ ಕೋರಿ ಇನಾಮು ಪಡೆಯುವ ಪದ್ಧತಿಯೂ ಈ ಹಬ್ಬದೊಂದಿಗೆ ಬೆಳೆದುಬಂದಿತು.

ಕ್ರೈಸ್ತ ಹಬ್ಬ

ಮರಿಯಮ್ಮನವರು ದೇಹಾತ್ಮಗಳ ಸಮೇತ ಸ್ವರ್ಗಕ್ಕೆ ಸ್ವೀಕೃತರಾದರೆಂಬ ನಂಬಿಕೆಯ ಹಬ್ಬವನ್ನು ಏಳನೆಯ ಶತಮಾನದ ವೇಳೆಗೆ ರೋಮ್‌ನಲ್ಲಿ ಆಗಸ್ಟ್ ೧೫ರಂದು ಆಚರಿಸಲಾಗುತ್ತಿತ್ತು. ಕಾಲಕ್ರಮೇಣ ಹಳೆಯ ವಿರಾಮದ ಹಬ್ಬವೂ ಇದೇ ದಿನದಲ್ಲಿ ನೆಲೆಗೊಂಡಿತು. ಈ ನಂಬಿಕೆಯನ್ನು ಕ್ಯಾಥೊಲಿಕ್ ಧರ್ಮಸಭೆಯ ಅಧಿಕೃತ ಸಿದ್ಧಾಂತವೆಂದು ಹನ್ನೆರಡನೆಯ ಪಯಸ್ ಪೋಪರು ೧೯೫೦ರ ನವೆಂಬರ್ ೧ರಂದು ಘೋಷಿಸಿದರು.

ಜನತಾ ರೈಲುಗಳು

ಮುಸೊಲಿನಿಯ ಆಡಳಿತವು ೧೯೨೫ರಲ್ಲಿ ಕಾರ್ಮಿಕರ ಬಿಡುವಿನ ವೇಳೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ೧೯೩೧ರಿಂದ 'ಜನತಾ ರೈಲು'ಗಳು ಆರಂಭವಾದವು. ಫೆರ್ರಾಗೋಸ್ತೊ ಸಮಯದಲ್ಲಿ ಭಾರಿ ರಿಯಾಯಿತಿ ದರದ ಟಿಕೆಟ್ ದೊರೆಯುತ್ತಿದ್ದುದರಿಂದ ಅನೇಕ ಬಡ ಕುಟುಂಬಗಳು ಮೊದಲ ಬಾರಿಗೆ ಸಮುದ್ರವನ್ನು ಕಂಡವು. ಟಿಕೆಟ್ಟಿನಲ್ಲಿ ಊಟ ಸೇರಿರಲಿಲ್ಲ. ಹೀಗಾಗಿ ಜನರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಹಬ್ಬದಂದು ಬಯಲಿನಲ್ಲಿ ಕುಳಿತು ಉಣ್ಣುವ ವಾಡಿಕೆಗೆ ಇದೂ ಒಂದು ಕಾರಣವೆಂದು ಹೇಳಲಾಗುತ್ತದೆ. ಸ್ವತಂತ್ರ ಕಾರ್ಮಿಕ ಸಂಘಗಳನ್ನು ಹತ್ತಿಕ್ಕಿದ ಸರ್ಕಾರವೇ ಈ ಸೌಲಭ್ಯವನ್ನು ನೀಡಿತೆಂಬುದು ಗಮನಾರ್ಹ. ಜನರ ಒಲವನ್ನು ಗಳಿಸುವುದೂ ಅದರ ಉದ್ದೇಶವಾಗಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ರೈಲುಗಳು ನಿಂತುಹೋದವು.

ಇಂದಿನ ಆಚರಣೆ

ಯುದ್ಧಾನಂತರದ ಆರ್ಥಿಕ ಏಳಿಗೆಯ ಕಾಲದಲ್ಲಿ ಕಾರ್ಖಾನೆಗಳು ಆಗಸ್ಟ್‌ನಲ್ಲಿ ವಾರಗಟ್ಟಲೆ ಮುಚ್ಚತೊಡಗಿದವು. ೧೯೫೭ರಲ್ಲಿ ಬಂದ ಫಿಯೆಟ್ ೫೦೦ರಂತಹ ಸಣ್ಣ ಕಾರುಗಳು ಸಾಮಾನ್ಯ ಕುಟುಂಬಗಳಿಗೂ ಕೈಗೆಟಕಿದವು. ಈಗಲೂ ಈ ದಿನಗಳಲ್ಲಿ ಹೆದ್ದಾರಿಗಳು ವಾಹನಗಳಿಂದ ತುಂಬಿಹೋಗುತ್ತವೆ. ನಗರದ ಅನೇಕ ಅಂಗಡಿಗಳ ಬಾಗಿಲಿನಲ್ಲಿ 'ಕ್ಯೂಸೊ ಪೆರ್ ಫೆರಿಯೆ', ಅಂದರೆ 'ರಜೆಯ ನಿಮಿತ್ತ ಮುಚ್ಚಲಾಗಿದೆ' ಎಂಬ ಚೀಟಿ ಕಾಣುತ್ತದೆ. ಹಳೆಯ ರೋಮನ್ ಪದ 'ಫೆರಿಯೆ' ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಬ್ಬದ ಹಿಂದಿನ ರಾತ್ರಿ ಯುವಜನರು ಕಡಲತೀರದಲ್ಲಿ ಬೆಂಕಿ ಹಾಕಿ, ನಡುರಾತ್ರಿ ಸಮುದ್ರಸ್ನಾನ ಮಾಡುತ್ತಾರೆ. ರೋಮ್‌ನಲ್ಲಿ ದೊಣ್ಣೆಮೆಣಸಿನಕಾಯಿಯೊಡನೆ ಬೇಯಿಸಿದ ಕೋಳಿ, ಸಿಸಿಲಿಯಲ್ಲಿ ಕಲ್ಲಂಗಡಿ ರಸದ ಸಿಹಿ ತಿನಿಸು ಅಂದಿನ ವಿಶೇಷ ಆಹಾರಗಳು.

ಪ್ರಾದೇಶಿಕ ಉತ್ಸವಗಳು

* ಸಿಯೆನಾ: ಆಗಸ್ಟ್ ೧೬ರಂದು 'ಪಾಲಿಯೊ' ಕುದುರೆ ಓಟ ನಡೆಯುತ್ತದೆ. ನಗರದ ೧೭ ಕೇರಿಗಳಲ್ಲಿ ೧೦ ಕೇರಿಗಳ ಕುದುರೆಗಳು ಮುಖ್ಯ ಚೌಕವನ್ನು ಮೂರು ಸುತ್ತು ಓಡುತ್ತವೆ.
* ಸಾಸ್ಸರಿ: ಸಾರ್ಡೀನಿಯಾ ದ್ವೀಪದ ಈ ನಗರದಲ್ಲಿ ಆಗಸ್ಟ್ ೧೪ರಂದು ಕಸುಬುದಾರರ ಸಂಘಗಳು ಮೇಣದ ಬತ್ತಿಯನ್ನು ಹೋಲುವ ಭಾರಿ ಮರದ ಕಂಬಗಳನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾ ಸಾಗುತ್ತವೆ. ೨೦೧೩ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿತು.
* ಮೆಸ್ಸೀನಾ: ಆಗಸ್ಟ್ ೧೫ರಂದು 'ವಾರಾ' ಎಂಬ ಎತ್ತರದ ಉತ್ಸವ ರಚನೆಯನ್ನು ಭಕ್ತರು ಹಗ್ಗಗಳಿಂದ ಎಳೆಯುತ್ತಾರೆ.

ಊರಿನಲ್ಲಿ ಉಳಿದವರು

ಈ ವಿರಾಮ ಎಲ್ಲರಿಗೂ ಸಮಾನವಾಗಿ ದೊರೆಯುವುದಿಲ್ಲ. ಆಸ್ಪತ್ರೆ, ಹೋಟೆಲು ಮತ್ತು ಸಾರಿಗೆಯ ನೌಕರರು ಅಂದೂ ದುಡಿಯುತ್ತಾರೆ. ಪ್ರವಾಸದ ಖರ್ಚನ್ನು ಭರಿಸಲಾಗದವರು ಮನೆಯಲ್ಲೇ ಉಳಿಯುತ್ತಾರೆ. ಮಕ್ಕಳು ಪ್ರವಾಸಕ್ಕೆ ತೆರಳಿ, ನೆರೆಹೊರೆಯ ಅಂಗಡಿಗಳೂ ಮುಚ್ಚಿದಾಗ, ಸುಡುಬಿಸಿಲಿನಲ್ಲಿ ಒಂಟಿಯಾಗುವ ವೃದ್ಧರ ಪಾಡು ಪ್ರತಿವರ್ಷ ಚರ್ಚೆಗೆ ಬರುತ್ತದೆ.

ಇಟಲಿಯ ಚಲನಚಿತ್ರಗಳು ಇದನ್ನು ಚಿತ್ರಿಸಿವೆ. ಡಿನೊ ರಿಸಿ ನಿರ್ದೇಶನದ 'ಇಲ್ ಸೊರ್ಪಾಸ್ಸೊ' (೧೯೬೨) ಫೆರ್ರಾಗೋಸ್ತೊ ದಿನದ ನಿರ್ಜನ ರೋಮ್‌ನಲ್ಲಿ ಆರಂಭವಾಗುತ್ತದೆ. ಜಾನ್ನಿ ದಿ ಗ್ರೆಗೋರಿಯೊ ಅವರ 'ಪ್ರಾನ್ಸೊ ದಿ ಫೆರ್ರಾಗೋಸ್ತೊ' (೨೦೦೮) ಚಿತ್ರದಲ್ಲಿ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಸಾಲಗಾರನೊಬ್ಬನ ಮನೆಗೆ ಇತರರೂ ತಮ್ಮ ಮನೆಯ ವೃದ್ಧೆಯರನ್ನು ತಂದುಬಿಡುತ್ತಾರೆ. ಕೊನೆಗೆ ಆ ವೃದ್ಧೆಯರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಹಬ್ಬದ ಊಟ ಮಾಡುತ್ತಾರೆ.