ಕಿರಣ ತಾಗಿದ ಮೈಯೂ ಶಸ್ತ್ರಗಾಯವೂ

ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕೆಲವು ವೇಳೆ ಮೊದಲು ಕಿರಣಚಿಕಿತ್ಸೆಯನ್ನು ನಡೆಯಿಸಿ ಅನಂತರ ಶಸ್ತ್ರಕ್ರಿಯೆಯನ್ನು ಮಾಡಬೇಕಾಗುತ್ತದೆ. ಆಗ ಗಡ್ಡೆಯು ಹೋದರೂ ಗಾಯವು ಸುಲಭವಾಗಿ ಮಾಯದೆ ರೋಗಿಯನ್ನು ಪೀಡಿಸುವುದುಂಟು. ಇದರ ಕಾರಣವನ್ನೂ ನಿವಾರಣೋಪಾಯಗಳನ್ನೂ ವಿಚಾರಮಾಡೋಣ.

ಗಾಯವು ಮಾಯುವುದು ರಕ್ತದ ಬಲದಿಂದ. ಕಿರಣಗಳು ರೋಗಕಣಗಳನ್ನು ಕೊಲ್ಲುವುದರೊಡನೆ ಸುತ್ತಲಿನ ಸಣ್ಣ ರಕ್ತನಾಳಗಳಿಗೂ ಹಾನಿಮಾಡುತ್ತವೆ. ನಾಳದ ಒಳಪದರವು ದಪ್ಪವಾಗಿ ದಾರಿಯು ಕಿರಿದಾಗುತ್ತದೆ. ಮೇಲಿನ ಚರ್ಮವು ನೋಟಕ್ಕೆ ಚೆನ್ನಾಗಿದ್ದರೂ ಒಳಗಿನ ಸ್ಥಿತಿಯು ಹೂಳು ತುಂಬಿದ ಕಾಲುವೆಯ ಕೊನೆಯಲ್ಲಿರುವ ಹೊಲದಂತೆ. ಕೈಕಾಲುಗಳ ಮೃದುಮಾಂಸದ ಅರ್ಬುದವನ್ನು ಕುರಿತು ಕೆನಡದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲೇ ಕಿರಣ ಪಡೆದವರಲ್ಲಿ ನೂರಕ್ಕೆ 35 ಮಂದಿಗೂ, ಶಸ್ತ್ರಕ್ರಿಯೆಯ ನಂತರ ಪಡೆದವರಲ್ಲಿ 17 ಮಂದಿಗೂ ಗಾಯದ ತೊಡಕು ಕಂಡಿತು. ಆದರೂ ಮೊದಲೇ ಕೊಡುವ ಕಿರಣದ ಪ್ರಮಾಣವೂ, ಅದು ತಾಗುವ ಭಾಗವೂ ಕಡಿಮೆಯಾದುದರಿಂದ ವೈದ್ಯರು ಈ ಕ್ರಮವನ್ನು ಬಿಟ್ಟಿಲ್ಲ.

ಇಲ್ಲಿ ಶಸ್ತ್ರವೈದ್ಯರ ಕರ್ತವ್ಯವೊಂದು, ಮನೆಯವರದೊಂದು. ಕಿರಣದ ಉರಿಯು ಶಮನವಾಗುವವರೆಗೆ ವೈದ್ಯರು ಕಾಯುತ್ತಾರೆ. ಮೃದುಮಾಂಸದ ಅರ್ಬುದದಲ್ಲಿ ಈ ಅವಧಿಯು ಸಾಮಾನ್ಯವಾಗಿ 4ರಿಂದ 6 ವಾರ. ಚರ್ಮವನ್ನು ಬಿಗಿಯಾಗಿ ಎಳೆದು ಹೊಲಿಯದೆ, ಅಗತ್ಯವಾದಲ್ಲಿ ಕಿರಣ ತಾಗದ ಎದೆಯಿಂದಲೋ ತೊಡೆಯಿಂದಲೋ ರಕ್ತನಾಳಸಹಿತವಾದ ಮಾಂಸವನ್ನು ತಂದು ಮುಚ್ಚುತ್ತಾರೆ. ಕುತ್ತಿಗೆಯ ಗಾಯಗಳನ್ನು ಹೀಗೆ ಎದೆಯ ಮಾಂಸದಿಂದ ಮುಚ್ಚುವ ವಿಧಾನವನ್ನು ಏರಿಯನ್ ಎಂಬ ಅಮೆರಿಕದ ವೈದ್ಯನು 1979ರಲ್ಲಿ ಪ್ರಚಾರಕ್ಕೆ ತಂದನು.

ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಿಂದ ಬಂದ ರೋಗಿಯು ಊರಿಗೆ ಮರಳಿದ ಮೇಲೆ ಗಾಯದ ಪಾಲನೆಯು ಮನೆಯವರ ಪಾಲಿನದು. ಅವರ ಕೆಲಸವು ಶಸ್ತ್ರಕ್ರಿಯೆಗೆ ಮೊದಲೇ ಆರಂಭವಾಗಬೇಕು. ಬೀಡಿ, ತಂಬಾಕು, ಗುಟ್ಕಾಗಳನ್ನು ಕಡೆಯಪಕ್ಷ 4 ವಾರ ಮುಂಚೆ ಬಿಡಿಸಬೇಕು. ಹೊಗೆಸೊಪ್ಪಿನ ವಿಷವು ಮೊದಲೇ ಕಿರಿದಾದ ನಾಳಗಳನ್ನು ಇನ್ನೂ ಬಿಗಿಯುತ್ತದೆ. ಸಕ್ಕರೆರೋಗವಿದ್ದಲ್ಲಿ ಹತೋಟಿಗೆ ತರಬೇಕು. ಬಾಯಿಯ ನೋವಿನಿಂದ ಜೋಳದ ರೊಟ್ಟಿಯನ್ನು ಅಗಿಯಲಾರದವನಿಗೆ ಗಂಜಿಯೊಂದೇ ಸಾಲದು. ತೊಗರಿಯ ಕಣಜವೆನಿಸಿದ ಈ ಸೀಮೆಯಲ್ಲಿ ಬೇಳೆಯನ್ನು ನುಣ್ಣಗೆ ಬೇಯಿಸಿ ಕೊಡುವುದು ಕಷ್ಟವಲ್ಲ. ಹಾಲು, ಮೊಸರು, ಮೊಟ್ಟೆಗಳೂ ಹಿತಕರ.

ಗಾಯಕ್ಕೆ ಅರಿಸಿನ, ಬೂದಿ, ಎಣ್ಣೆಗಳನ್ನು ಹಚ್ಚಲಾಗದು. ಶಾಖ ಕೊಡಲೂ ಆಗದು. ಬೇಸಗೆಯಲ್ಲಿ ಪಟ್ಟಿಯು ಬೆವರಿನಿಂದ ನೆನೆದರೆ ಹೇಳಿಕೊಟ್ಟ ಕ್ರಮದಲ್ಲಿಯೇ ಬದಲಾಯಿಸಬೇಕು. ಗಾಯದ ಸುತ್ತ ಕೆಂಪು ಹರಡಿದರೆ, ಕೀವು ಅಥವಾ ದುರ್ವಾಸನೆ ಕಂಡರೆ, ಹೊಲಿಗೆ ಬಿಟ್ಟರೆ, ಜ್ವರ ಬಂದರೆ ಮುಂದಿನ ಭೇಟಿಯ ದಿನವನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಯ ಗಾಯದಿಂದ ಎಂಜಲು ಸೋರಿದರೂ ಹಾಗೆಯೇ. ಅಲ್ಲಿ ರಕ್ತವು ತುಸುವೇ ಕಂಡು ತಾನಾಗಿ ನಿಂತರೂ ಅದನ್ನು ಅಲಕ್ಷಿಸಲಾಗದು. ದೊಡ್ಡ ನಾಳವು ಒಡೆಯುವ ಮುನ್ಸೂಚನೆಯಾಗಿ ಅದು ಬರುವುದುಂಟು. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಅದುಮಿ ಹಿಡಿದು, ರಾತ್ರಿಯಾದರೂ ಸರಿಯೆ, ಆ ಕ್ಷಣವೇ ಹೊರಡತಕ್ಕದ್ದು.