ಕಾಲೇಜಿನ ಖರ್ಚು: ಮಕ್ಕಳನ್ನೂ ಕೂರಿಸಿಕೊಂಡು ಲೆಕ್ಕ ಹಾಕೋಣ



ಪ್ಲಸ್ ಟು ಫಲಿತಾಂಶ ಬಂದ ವಾರ ಇಗರ್ಜಿ ಬಂಗಲೆಯ ಜಗಲಿ ಖಾಲಿ ಇರುವುದಿಲ್ಲ. ಒಬ್ಬರಿಗೆ ಜ್ಞಾನಸ್ನಾನದ ಸರ್ಟಿಫಿಕೇಟು ಬೇಕು, ಇನ್ನೊಬ್ಬರಿಗೆ ಶಿಫಾರಸು ಪತ್ರ ಬೇಕು, ಮತ್ತೊಬ್ಬರಿಗೆ ಬ್ಯಾಂಕ್ ಮ್ಯಾನೇಜರಿಗೆ ಒಂದು ಫೋನು ಬೇಕು. ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಸಂಜೆ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಅವರು ಆಟೋರಿಕ್ಷಾ ಓಡಿಸುವವರು, ಸ್ವಲ್ಪ ಅಡಿಕೆ ತೋಟವೂ ಇದೆ. ದೂರದ ಊರಿನ ಒಂದು ಕಾಲೇಜಿನಲ್ಲಿ ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು 'ಬುಕ್' ಆಗಿದೆ ಎಂದರು. ಏಜೆಂಟನ ಕೈಗೆ ಅರುವತ್ತು ಸಾವಿರ ರೂಪಾಯಿ ಕೊಟ್ಟಾಗಿತ್ತು, ಮಗಳ ಅಸಲು ಅಂಕಪಟ್ಟಿಗಳೂ ಅವನ ಬಳಿಯೇ ಇದ್ದವು. ಹಣಕ್ಕಾಗಿ ಹೆಂಡತಿಯ ಕರಿಮಣಿ ಅಡವಿಗೆ ಹೋಗಿತ್ತು. ಉಳಿದ ಹಣಕ್ಕೆ ಸಾಲ ಬೇಕು, ಒಂದು ಮಾತು ಹೇಳಿ ಎಂದು ಕೇಳಿಕೊಂಡರು.

ನಾನು ಹುಡುಗಿಯ ಕಡೆ ತಿರುಗಿ, "ನಿನಗೆ ನರ್ಸಿಂಗ್ ಇಷ್ಟವಾ ಮಗಾ?" ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ತಂದೆ, "ಅವಳಿಗೆ ಎಂತ ಗೊತ್ತು ಫಾದರ್, ಸಣ್ಣವಳು" ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವಳು ಮೆಲ್ಲನೆ ಹೇಳಿದಳು: "ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ ಫಾದರ್. ನಾನು ಬಿ.ಕಾಂ. ಅಂತ ಇದ್ದೆ." ತಂದೆ ಅವಳನ್ನೇ ನೋಡುತ್ತ ಕುಳಿತರು. ಸಿಟ್ಟಲ್ಲ, ಆಶ್ಚರ್ಯ. ಒಂದೇ ಮನೆಯಲ್ಲಿ ಹದಿನೇಳು ವರ್ಷ ಇದ್ದೂ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಕರಿಮಣಿ ಅಡವಿಗೆ ಹೋದದ್ದು ಮಗಳಿಗೂ ತಿಳಿದಿರಲಿಲ್ಲ.

ನಾಲ್ಕಾರು ಸಲ ಅಲೆದ ಮೇಲೆ ಅಂಕಪಟ್ಟಿಗಳು ವಾಪಸು ಬಂದವು, ಹಣ ಬರಲಿಲ್ಲ. ಹುಡುಗಿ ಒಂದು ವರ್ಷ ಮನೆಯಲ್ಲಿ ಕುಳಿತು, ಮರುವರ್ಷ ಹತ್ತಿರದ ಸರ್ಕಾರಿ ಕಾಲೇಜಿಗೆ ಬಿ.ಕಾಂ. ಸೇರಿದಳು. ಅಲ್ಲಿ ಅವಳ ಇಡೀ ವರ್ಷದ ಫೀಸು ಏಜೆಂಟ್ ನುಂಗಿದ ಮೊತ್ತದ ಹತ್ತಿರವೂ ಬರಲಿಲ್ಲ.

ಫೀಸಿನ ವಿಷಯದಲ್ಲಿ ನಿಮಗೆ ಬುದ್ಧಿ ಹೇಳಲು ನನಗೆ ಸಂಕೋಚವೇ ಆಗುತ್ತದೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ವರ್ಷಗಳಲ್ಲಿ ನಾನು ಫೀಸಿನ ರಶೀದಿ ಕಂಡವನಲ್ಲ. ಧರ್ಮಪ್ರಾಂತ್ಯ ಕೊಟ್ಟಿತು, ಅಂದರೆ ನಿಮ್ಮಂಥವರ ಕಾಣಿಕೆ ಕೊಟ್ಟಿತು. ಆದರೆ ನನ್ನ ಅಕ್ಕ ಹತ್ತನೆಯ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಇಬ್ಬರನ್ನೂ ಓದಿಸಲು ಆಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಯಾರೂ ಕುಳಿತು ಲೆಕ್ಕ ಹಾಕಲೂ ಇಲ್ಲ. ಅವಳು ಬೀಡಿ ಕಟ್ಟಲು ಕುಳಿತಳು, ಅಷ್ಟೇ. ಲೆಕ್ಕ ಹಾಕಿದ್ದರೆ ಬೇರೆ ದಾರಿ ಕಾಣುತ್ತಿತ್ತೋ ಏನೋ. ಅವಳು ಈಗಲೂ ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಅದೇ ನನಗೆ ಕಷ್ಟ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳುವುದನ್ನು ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು ತಂದೆತಾಯಿಯೇ ಮಕ್ಕಳ ಮೊದಲ ಶಿಕ್ಷಕರು ಎನ್ನುತ್ತದೆ. ಮನೆಯ ಆದಾಯ ಎಷ್ಟು, ಸಾಲ ಎಷ್ಟು, ಓದಿಗೆ ತೆಗೆದಿಡಲು ಸಾಧ್ಯವಿರುವುದು ಎಷ್ಟು ಎಂಬುದನ್ನು ಒಂಬತ್ತನೆಯ ತರಗತಿಯ ಮಗುವಿಗೆ ಹೇಳುವುದೂ ಆ ಶಿಕ್ಷಣದ ಭಾಗವೆಂದು ನಾನು ತಿಳಿಯುತ್ತೇನೆ. ಮಕ್ಕಳು ಹೆದರಿಯಾರು ಎಂದು ಕೆಲವು ತಾಯಂದಿರು ಹೇಳುತ್ತಾರೆ. ನನಗೆ ಕಂಡಂತೆ ಮಕ್ಕಳು ಹೆದರುವುದು ಅಡುಗೆಮನೆಯಲ್ಲಿ ಪಿಸುಮಾತು ಕೇಳಿದಾಗ. ಜಪಸರ ಮುಗಿದ ಮೇಲೆ ಎಲ್ಲರೂ ಹೇಗೂ ಒಟ್ಟಿಗೆ ಇರುತ್ತೀರಿ. ವರ್ಷಕ್ಕೆ ಎರಡು ಸಲ ಆ ಹೊತ್ತಿನಲ್ಲಿ ಒಂದು ನೋಟುಪುಸ್ತಕ ತೆರೆದರೆ ಸಾಕು.

ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಆ ಪುಸ್ತಕಕ್ಕೆ ಕೆಲಸವಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಎಂಟನೆಯವರಿಗೆ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಪ್ಲಸ್ ಟುವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನಮ್ಮ ಮಕ್ಕಳಲ್ಲಿ ಇದನ್ನು ಬರೆಯುವವರು ಕಡಿಮೆ. ಮಾಸ್ಟ್ರು ಹೇಳಲಿಲ್ಲ ಎನ್ನುತ್ತಾರೆ, ನಾವು ಕೇಳಿದ್ದೂ ಇಲ್ಲ.

ಎರಡನೆಯದು ಕಾಗದಪತ್ರ. ಇದು ನಮ್ಮ ಗಡಿನಾಡಿಗೆ ವಿಶೇಷವಾದ ತಲೆನೋವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಲ್ಲಿ ಮನೆಯ ಮಾತು ಕೊಂಕಣಿಯೋ ತುಳುವೋ, ಶಾಲೆಯದು ಕನ್ನಡ, ವಿಲೇಜ್ ಆಫೀಸಿನದು ಮಲಯಾಳಂ ಎಂದಾಯಿತು. ಒಂದೇ ಮನೆಯ ಡಿ'ಸೋಜ, ಡಿಸೋಜ, ಡಿಸೋಜಾ ಎಂಬ ಮೂರು ಹೆಸರು ಮೂರು ದಾಖಲೆಯಲ್ಲಿ! ಕಂಪ್ಯೂಟರಿಗೆ ಆ ಒಂದು ಅಲ್ಪವಿರಾಮದಂಥ ಚಿಹ್ನೆಯೇ ದೊಡ್ಡ ಪ್ರಶ್ನೆ. ಇಗರ್ಜಿಯ ದಾಖಲೆ, ಎಸ್.ಎಸ್.ಎಲ್.ಸಿ. ಪುಸ್ತಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಈ ನಾಲ್ಕರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಹತ್ತನೆಯ ಪರೀಕ್ಷೆಗೆ ಮೊದಲೇ ಸರಿಪಡಿಸಿದರೆ ಸುಲಭ, ಆಮೇಲೆ ಅಲೆದಾಟ. ಆದಾಯ ಮತ್ತು ಸಮುದಾಯದ ಪ್ರಮಾಣಪತ್ರಗಳಿಗೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವುದು ಮೇ ತಿಂಗಳ ಕೊನೆಯ ದಿನಗಳ ಕೆಲಸವಲ್ಲ.

ಗಡಿ ದಾಟಿ ಮಂಗಳೂರಿಗೆ ಓದಲು ಹೋಗುವುದು ನಮಗೆ ಅಜ್ಜನ ಕಾಲದ ರೂಢಿ. ಕರ್ನಾಟಕದ ಸಿ.ಇ.ಟಿ. ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಬೇರೆಯೇ ಅರ್ಹತಾ ನಿಯಮವಿದ್ದು ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಹೆಸರು ಅದರಲ್ಲಿದೆ. ಅಲ್ಲಿ ಮಾತೃಭಾಷೆಯನ್ನೂ ಕೇಳುತ್ತಾರೆ. ಶಾಲೆಯ ದಾಖಲೆಯಲ್ಲಿ ಮಗುವಿನ ಮಾತೃಭಾಷೆ ಏನೆಂದು ಬರೆದಿದೆ ಎಂಬುದನ್ನು ಕೊಂಕಣಿ ಮಾತಾಡುವ ಮನೆಯವರು ಮೊದಲೇ ನೋಡಿ, ಆ ವರ್ಷದ ಸಿ.ಇ.ಟಿ. ಕೈಪಿಡಿಯನ್ನು ಸ್ವತಃ ಓದಿ. ಪಕ್ಕದ ಮನೆಯವರಿಗೆ ಹೋದ ವರ್ಷ ಸಿಕ್ಕಿತ್ತು ಎಂಬುದು ಆಧಾರವಲ್ಲ. ವರ್ಷಗಳ ಲೆಕ್ಕವೂ ಗಡಿಯ ಎರಡು ಕಡೆ ಒಂದೇ ಅಲ್ಲ. ಕೇರಳ 2024ರಲ್ಲಿ ನಾಲ್ಕು ವರ್ಷದ ಪದವಿ ತಂದಿತು, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂ ಅವಕಾಶವಿದೆ. ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿತು. ದಿನಾ ತಲಪಾಡಿ ದಾಟಿ ಹೋಗಿಬರುವವರ ಬಸ್ ಖರ್ಚನ್ನೂ ಬರೆದುಕೊಳ್ಳಿ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಆ ಗಡಿ ಮುಚ್ಚಿದಾಗ ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಅದಕ್ಕೇ ನಾನು ಹೇಳುವುದು: ಕಾಸರಗೋಡಿನ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು ಹತ್ತಿರದಲ್ಲಿವೆ ಎಂಬ ಒಂದೇ ಕಾರಣಕ್ಕೆ ಅವನ್ನು ಕೀಳಾಗಿ ಕಾಣಬೇಡಿ.

ಇನ್ನು ಉಳಿತಾಯ. ಮಗುವಿನ ಜ್ಞಾನಸ್ನಾನದ ವರ್ಷವೇ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಪಿ.ಪಿ.ಎಫ್. ಖಾತೆ ತೆರೆದು, ವರ್ಷಕ್ಕೆ 12,000 ರೂಪಾಯಿಯಂತೆ ಹದಿನೈದು ವರ್ಷ ಕಟ್ಟಿದರೆ ಕಟ್ಟಿದ್ದು 1,80,000. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 7.1ರ ಬಡ್ಡಿಯೇ ಕೊನೆಯವರೆಗೂ ಸಿಕ್ಕಿತೆಂದು ಹಿಡಿದರೆ ಕೈಗೆ ಬರುವುದು ಸುಮಾರು ಮೂರೂಕಾಲು ಲಕ್ಷ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯೂ ಇದೆ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ಹದಿನೆಂಟು ತುಂಬಿದ ಮೇಲೆ, ಅಥವಾ ಹತ್ತನೆಯ ತರಗತಿ ಪಾಸಾದ ಮೇಲೆ, ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪ್ರಥಮ ಪರಮಪ್ರಸಾದದ ಔತಣಕ್ಕೆ ಹಾಲ್, ಕೇಕ್, ವೀಡಿಯೊ ಎಂದು ಒಂದೇ ದಿನದಲ್ಲಿ ಕರಗುವ ಹಣವನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಊಟಕ್ಕೆ ಕರೆದವರ ಮನೆಯಲ್ಲಿ ಉಂಡು ಬಂದು ಹೀಗೆ ಬರೆಯುವುದು ಸರಿಯಲ್ಲ, ಆದರೂ ಬರೆದಿದ್ದೇನೆ.

ಉಳಿತಾಯ ಇಲ್ಲದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಶೈಕ್ಷಣಿಕ ಸಾಲವಿದೆ. ಮಾದರಿ ಸಾಲ ಯೋಜನೆಯ ಪ್ರಕಾರ ನಾಲ್ಕು ಲಕ್ಷದವರೆಗೆ ನೀವು ಕೈಯಿಂದ ಪಾಲು ಹಾಕಬೇಕಿಲ್ಲ. ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಇದನ್ನು ಕೇಳಿದವರು ಅಲ್ಲಿಯವರೆಗೆ ಬಡ್ಡಿಯೂ ಇಲ್ಲ ಎಂದುಕೊಳ್ಳುತ್ತಾರೆ. ಬಡ್ಡಿ ಇದೆ. ನಾಲ್ಕು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ ಸಾಲ ಎತ್ತಿದಿರಿ, ಬಡ್ಡಿ ಶೇಕಡಾ ಹತ್ತು ಎಂದಿಟ್ಟುಕೊಳ್ಳಿ. ಏನೂ ಕಟ್ಟದೆ ಐದು ವರ್ಷ ಕಳೆದರೆ ಸರಳ ಬಡ್ಡಿಯೇ 1,40,000 ಆಗಿ ಸಾಲ 5,40,000ಕ್ಕೆ ನಿಲ್ಲುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 7,100 ರೂಪಾಯಿಗೂ ಹೆಚ್ಚು. ಬಡ್ಡಿಯನ್ನು ಮೊದಲಿನಿಂದಲೇ ಕಟ್ಟುತ್ತ ಬಂದರೆ (ಮೊದಲ ವರ್ಷ ತಿಂಗಳಿಗೆ ಸುಮಾರು 830, ನಾಲ್ಕನೆಯ ವರ್ಷ ಸುಮಾರು 3,300) ಆಮೇಲಿನ ಕಂತು ಸುಮಾರು 5,300 ಮಾತ್ರ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಅವಳ ಪಿ.ಜಿ. ಬಾಡಿಗೆಯನ್ನು ಕೇಳಿ ನೋಡಿ.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಶ್ರೇಣಿಯ ಸಂಸ್ಥೆಗಳಿಗೆ ಸೇರಿದವರಿಗೆ ಅಡವು, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ ಮೂರರ ರಿಯಾಯಿತಿಗೂ ಅರ್ಜಿ ಹಾಕಬಹುದು. ಹಾಗಾಗಿ ಕಾಲೇಜು ಆರಿಸುವ ಮೊದಲೇ ಅದು ಆ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಸೀಟು ಮ್ಯಾನೇಜ್‌ಮೆಂಟ್ ಕೋಟಾದ್ದಾದರೆ ಬ್ಯಾಂಕಿನವರು ತಕರಾರು ತೆಗೆಯುವುದುಂಟು. ರಶೀದಿ ಇಲ್ಲದೆ ಕೊಟ್ಟ ಡೊನೇಶನ್ನಿಗಂತೂ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಸಾಲಕ್ಕೆ ಮಗುವಿನ ಜೊತೆ ನೀವೂ ಸಹಿ ಹಾಕುತ್ತೀರಿ. ಅವನು ಕಟ್ಟದಿದ್ದರೆ ನೋಟಿಸು ಬರುವುದು ನಿಮ್ಮ ಮನೆಗೆ.

ಏಜೆಂಟರ ವಿಷಯ. ಯು.ಜಿ.ಸಿ. 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಂತೆ ಅದರ ವ್ಯಾಪ್ತಿಯ ಕಾಲೇಜುಗಳು ಅಸಲು ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸು ಕೊಡಬೇಕು. ಕಾಲೇಜಿಗೇ ಇಲ್ಲದ ಅಧಿಕಾರ ದಲ್ಲಾಳಿಗೆ ಎಲ್ಲಿಂದ ಬಂತು? ನರ್ಸಿಂಗ್ ಆದರೆ ಕಾಲೇಜಿಗೆ ಮಾನ್ಯತೆ ಇದೆಯೇ ಎಂಬುದನ್ನು ಅದರ ಕರಪತ್ರ ನಂಬದೆ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲೇ ನೋಡಿ. ಹಣ ಕಟ್ಟುವುದಾದರೆ ಕಾಲೇಜಿನ ಖಾತೆಗೇ, ರಶೀದಿ ಪಡೆದೇ.

ವಿದ್ಯಾರ್ಥಿವೇತನಗಳ ಬಗ್ಗೆ ಹಳೆಯ ಮಾಹಿತಿ ಹಿಡಿದು ಕೂರಬೇಡಿ. ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟನೆಯವರೆಗೆ ಬರುತ್ತಿದ್ದ ಕೇಂದ್ರದ ಹಣ 2022ರಲ್ಲಿ ನಿಂತದ್ದು ಎಷ್ಟೋ ಮನೆಗಳಿಗೆ ಗೊತ್ತಾದದ್ದು ಖಾತೆ ಖಾಲಿಯಾಗಿಯೇ ಉಳಿದಾಗ. ಕೇರಳದ ಅಲ್ಪಸಂಖ್ಯಾತ ಕಲ್ಯಾಣ ಇಲಾಖೆ ನರ್ಸಿಂಗ್ ಡಿಪ್ಲೊಮಾ, ಪ್ಯಾರಾಮೆಡಿಕಲ್ ಓದುವವರಿಗಾಗಿ ಮದರ್ ತೆರೇಸಾ ಹೆಸರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಕರೆಯುತ್ತ ಬಂದಿದೆ. ಪ್ರಕಟಣೆ ಮಲಯಾಳದಲ್ಲಿ ಬರುತ್ತದೆ, ನಮ್ಮವರಿಗೆ ತಪ್ಪಿಹೋಗುತ್ತದೆ. ಮಲಯಾಳಂ ಓದಬಲ್ಲ ನಿಮ್ಮ ಮಕ್ಕಳಿಂದಲೇ ಓದಿಸಿ.

ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಫೀಸಿಗೆ ನೆರವಾಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೇಳಲು ಮಾತ್ರ ನಾಚಿಕೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಆ ಸಭೆಯನ್ನು ಕಟ್ಟಿದ ಫ್ರೆಡ್ರಿಕ್ ಓಝನಮ್ ಆಗ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿ. ವಿದ್ಯಾರ್ಥಿಗಳ ಕಷ್ಟ ಅವರಿಗೆ ಹೊಸದೇನೂ ಆಗಿರಲಿಲ್ಲ. ಸಭೆಯ ಪುಸ್ತಕದಲ್ಲಿರುವ ಹೆಸರು ಪುಸ್ತಕದಲ್ಲೇ ಉಳಿಯುತ್ತದೆ, ವಾರ್ಡಿನ ಕೂಟಕ್ಕೆ ಬರುವುದಿಲ್ಲ.

ಮೊದಲು ಹೇಳಿದ ಆ ತಂದೆಯೇ ಈಗ ನಮ್ಮ ಇಗರ್ಜಿಯಲ್ಲಿ ತಿಂಗಳ ಎರಡನೆಯ ಭಾನುವಾರ, ಎರಡನೆಯ ಪೂಜೆಯ ನಂತರ, ಸಭಾಭವನದಲ್ಲಿ ಮೇಜು ಹಾಕುತ್ತಾರೆ. ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಶಾಲೆಯ ಟೀಚರ್ ಒಬ್ಬರು ಅಲ್ಲಿ ಕುಳಿತಿರುತ್ತಾರೆ. ಬಿ.ಕಾಂ. ಮುಗಿಸಿದ ಆ ಹುಡುಗಿ ಅರ್ಜಿ ತುಂಬಿಕೊಡುತ್ತಾಳೆ. ಬರುವಾಗ ಆಧಾರ್, ಎಸ್.ಎಸ್.ಎಲ್.ಸಿ. ಪುಸ್ತಕದ ನಕಲು, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ತನ್ನಿ. ಅಸಲು ಅಂಕಪಟ್ಟಿ ಮನೆಯಲ್ಲೇ ಇರಲಿ. ಮಗುವನ್ನು ಬಿಟ್ಟು ಒಬ್ಬರೇ ಬಂದವರನ್ನು ಅವಳು ಹಿಂದಕ್ಕೆ ಕಳುಹಿಸುತ್ತಾಳೆ. ನನ್ನ ಬಳಿ ಬಂದು ದೂರಿದರೂ ಪ್ರಯೋಜನವಿಲ್ಲ.