ಮಕ್ಕಳ ಗಣಿತ: ಪಾಠಪುಸ್ತಕದ ಹೊರಗೆ

ಸಂಜೆಯ ಹೊತ್ತು ಡೊಂಬಿವಲಿಯ ಕಾಯಿಪಲ್ಲೆ ಮಾರುಕಟ್ಟೆಗೆ ತಾಯಿಯೊಡನೆ ಬಂದ ಏಳನೆಯ ಇಯತ್ತೆಯ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೆಂಡೆಕಾಯಿಯ ದರ ಕಿಲೋಗೆ 80 ರೂಪಾಯಿ. ತಕ್ಕಡಿಯಲ್ಲಿ ತೂಗಿದ್ದು 350 ಗ್ರಾಂ. ಮಾರುವಾಕೆ ತಡವಿಲ್ಲದೆ 'ಅಠ್ಠಾವೀಸ್' ಎನ್ನುತ್ತಾಳೆ. ಕಾಲು ಕಿಲೋಗೆ 20, ಮೇಲಿನ 100 ಗ್ರಾಮಿಗೆ 8 — ಆಕೆಯ ಲೆಕ್ಕ ಇಷ್ಟೆ. ಬಾಲಕನಾದರೋ 350ನ್ನು 80ರಿಂದ ಗುಣಿಸಿ 1000ದಿಂದ ಭಾಗಿಸಲು ಕಾಗದ ಹುಡುಕುತ್ತಾನೆ. ಗಣಿತದಲ್ಲಿ ನೂರಕ್ಕೆ ತೊಂಬತ್ತು ಅಂಕ ಗಳಿಸುವ ಹುಡುಗ ಅವನು. ಟ್ಯೂಶನ್ನಿಗೆ ಹೋಗುವವನೂ ಹೌದು.

ಇದು ಒಂದು ಮನೆಯ ಮಾತಲ್ಲ. 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ಮೂವರು ಸಂಶೋಧಕರು ಬೀದಿಯಲ್ಲಿ ತೆಂಗಿನಕಾಯಿ ಮೊದಲಾದವನ್ನು ಮಾರುವ ಐವರು ಮಕ್ಕಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿಯಾದವು. ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದವು ಸುಮಾರು 37 ಮಾತ್ರ. ಒಂದಕ್ಕೆ 35ರಂತೆ ಹತ್ತು ಕಾಯಿಗಳ ಬೆಲೆ ಹೇಳಬೇಕಾದ ಹುಡುಗ 35ರ ಮುಂದೆ ಸೊನ್ನೆ ಇಡಲಿಲ್ಲ. ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210 ಎಂದು ಕೂಡುತ್ತ ಹೋಗಿ 350ಕ್ಕೆ ಮುಟ್ಟಿದ. 2025ರಲ್ಲಿ ಪ್ರಕಟವಾದ, ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಅಧ್ಯಯನವೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಕಂಡಿತು. ಅದರಲ್ಲಿ ಇನ್ನೊಂದು ಮಾತೂ ಇತ್ತು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದುಳಿದರು. ಎರಡು ಗಣಿತಗಳ ನಡುವೆ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲವೆಂದಾಯಿತು. ಪರೀಕ್ಷೆಯ ದಿನ ಬೆಳಿಗ್ಗೆ ಮಗುವಿಗೆ ಬರುವ ಹೊಟ್ಟೆನೋವಿನ ಮೂಲವನ್ನೂ ಎಷ್ಟೋ ವೇಳೆ ಇಲ್ಲಿಯೇ ಅರಸಬೇಕಾಗುತ್ತದೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿದವನಿಗೆ ಮರೆವಿನ ಭಯ ತಪ್ಪದು.

ಆ ಸೇತುವೆಯನ್ನು ಕಟ್ಟಲು ಹೊರನಾಡಿನ ಕನ್ನಡ ಮನೆಗಳಲ್ಲಿ ಒಂದು ವಿಶೇಷ ಅನುಕೂಲವಿದೆ. ಅದು ಭಾಷೆಗಳದು. ಗಡಿಯಾರದಲ್ಲಿ 5 ಗಂಟೆ 45 ನಿಮಿಷವಾದಾಗ ಅಜ್ಜಿ 'ಐದೂ ಮುಕ್ಕಾಲು' ಎನ್ನುತ್ತಾರೆ. ನೆರೆಮನೆಯ ಮರಾಠಿ ಕಾಕೂ 'ಪಾವಣೆ ಸಹಾ' ಎನ್ನುತ್ತಾರೆ. ಕನ್ನಡ ಐದಕ್ಕೆ ಮುಕ್ಕಾಲನ್ನು ಕೂಡಿಸಿತು, ಮರಾಠಿ ಆರರಿಂದ ಕಾಲನ್ನು ಕಳೆಯಿತು. ಎರಡೂ ಒಂದೇ ಹೊತ್ತೆಂದು ತಿಳಿದ ಮಗುವಿಗೆ 98ನ್ನು 7ರಿಂದ ಗುಣಿಸುವಾಗ 700ರಿಂದ 14 ಕಳೆಯುವ ಯುಕ್ತಿಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಇನ್ನು 'ಅರೆಕಾಲು' ಎಂಬ ಪದವನ್ನು ನೋಡಿರಿ. ಕಾಲಿನ ಅರೆ, ಅಂದರೆ ಎಂಟರಲ್ಲಿ ಒಂದು. ಎರಡು ಭಿನ್ನರಾಶಿಗಳ ಗುಣಾಕಾರವೇ ಆ ಪದದಲ್ಲಿ ಅಡಗಿದೆ. ಅದರ ಅರ್ಧ ವೀಸ, ಹದಿನಾರರಲ್ಲಿ ಒಂದು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮೊದಲು ರೂಪಾಯಿಗೆ 16 ಆಣೆಯಿದ್ದುದರಿಂದ ಹಿರಿಯರಿಗೆ ಈ ಅರ್ಧಿಸುವ ಲೆಕ್ಕ ನಾಲಿಗೆಯ ಮೇಲಿತ್ತು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಬಲ್ಲ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಮಗುವನ್ನು ಅವರ ಬಳಿ ಕೂರಿಸುವುದು ಲೇಸು.

ಅಡಿಗೆಮನೆಯ ಮಾತು ಇನ್ನೂ ದೊಡ್ಡದು. ಇಡ್ಲಿಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ನೆನೆಹಾಕುವ ಮನೆಯಲ್ಲಿ ನಾಳೆ ಅತಿಥಿಗಳಿದ್ದಾರೆಂದಿಟ್ಟುಕೊಳ್ಳಿ. 'ಹಿಟ್ಟು ಹೆಚ್ಚು ಬೇಕು, ಎಷ್ಟೆಷ್ಟು ಹಾಕೋಣ?' ಎಂದು ಮಗುವನ್ನು ಕೇಳಬೇಕು. ಅನೇಕ ಮಕ್ಕಳು 'ನಾಲ್ಕು ಪಾವು ಅಕ್ಕಿ, ಎರಡು ಪಾವು ಉದ್ದು' ಎನ್ನುತ್ತಾರೆ. ಎರಡಕ್ಕೂ ಒಂದೊಂದು ಕೂಡಿಸಿದೆವಲ್ಲ, ಸಮನಾಯಿತಲ್ಲ ಎಂಬುದು ಅವರ ವಾದ. ಅನುಪಾತದ ಅಧ್ಯಾಯದಲ್ಲಿ ಮಕ್ಕಳು ಎಡವುವುದು ಬಹುಮಟ್ಟಿಗೆ ಇದೊಂದೇ ಕಲ್ಲಿಗೆ: ಕೂಡುವಲ್ಲಿಗೂ ಗುಣಿಸುವಲ್ಲಿಗೂ ಇರುವ ಭೇದ. ಶಿಕ್ಷಕರು ಕೆಂಪು ಶಾಯಿಯಿಂದ ತಪ್ಪೆಂದು ಗೀಚಿದರೆ ಅದು ತಿಳಿಯದು. ಪಾವಿನಲ್ಲಿ ಅಳೆದು ತಟ್ಟೆಯಲ್ಲಿ ಗುಡ್ಡೆ ಮಾಡಿ, ಒಂದೊಂದು ಪಾವು ಉದ್ದಿನ ಮುಂದೆ ಎಷ್ಟೆಷ್ಟು ಅಕ್ಕಿ ಬಂತೆಂದು ಮಗುವಿನ ಕೈಯಿಂದಲೇ ಹಂಚಿಸಿದರೆ, ಮೂರರ ಬದಲು ಎರಡೇ ಬಂದುದನ್ನು ಅದು ತಾನೇ ಕಂಡುಕೊಳ್ಳುತ್ತದೆ.

ಇಡ್ಲಿ ಕೆಟ್ಟರೆ ಒಂದು ಹೊತ್ತಿನ ಫಲಾಹಾರ ಕೆಟ್ಟೀತು, ಅಷ್ಟೆ. ಆದರೆ ಇದೇ ತಪ್ಪು ಔಷಧದಲ್ಲಿ ಆಗಬಾರದು. ವಾಂತಿಭೇದಿಯಾದಾಗ ಕೊಡುವ ಸಕ್ಕರೆ-ಉಪ್ಪಿನ ನೀರಿಗೆ ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಅಳೆದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬುದು ಪ್ರಮಾಣ. ಮನೆಯಲ್ಲಿರುವ ಬಾಟಲಿ ಅರ್ಧ ಲೀಟರಿನದಾದರೆ? ಸಕ್ಕರೆ 3 ಚಮಚ, ಉಪ್ಪು ಕಾಲು ಚಮಚ. ನೀರನ್ನು ಮಾತ್ರ ಅರ್ಧ ಮಾಡಿ ಉಪ್ಪನ್ನು ಹಾಗೆಯೇ ಬಿಟ್ಟರೆ ದ್ರಾವಣದ ಉಪ್ಪು ಇಮ್ಮಡಿಯಾಗುತ್ತದೆ. ಅದು ಎಳೆಯ ಮಕ್ಕಳಿಗೆ ಅಪಾಯಕಾರಿ. ಅಂಗಡಿಯ ಪೊಟ್ಟಣವನ್ನು ತಂದಾಗಲೂ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಹತ್ತು ವರ್ಷದ ಮಗುವಿಗೆ ಈ ಲೆಕ್ಕವನ್ನು ಆರೋಗ್ಯವಿರುವ ದಿನ, ಬರಿಯ ನೀರು ಮತ್ತು ಚಮಚ ಹಿಡಿದು, ಮಾಡಿಸಿಟ್ಟಿರಬೇಕು.

ರಂಗವಲ್ಲಿಯ ಚುಕ್ಕಿಗಳ ವಿಷಯ ಬಹಳ ಮಂದಿಗೆ ಗೊತ್ತು. ನಡುವೆ 7, ಮೇಲೂ ಕೆಳಗೂ 5, 3, 1 ಎಂದು ಇಳಿಸಿದರೆ ಒಟ್ಟು 25. ಅದನ್ನು 1, 3, 5, 7 ಎಂದು ಒಂದು ಗುಂಪು ಮಾಡಿದರೆ 16, ಉಳಿದ 5, 3, 1ರದು 9: ಎರಡೂ ವರ್ಗಸಂಖ್ಯೆಗಳು! ಬೆಸಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ವರ್ಗವೇ ಏಕೆ ಬರುತ್ತದೆಂಬುದನ್ನು ಮಗುವೇ ಚುಕ್ಕಿಯಿಟ್ಟು ಹುಡುಕಲಿ. ಫ್ಲ್ಯಾಟಿನ ಬಾಗಿಲ ಮುಂದಿನ ಒಂದು ಫರಸಿ ಅದಕ್ಕೆ ಸಾಕು.

ಒಂಬತ್ತನೆಯ ಇಯತ್ತೆಗೆ ಬಂದ ಮಕ್ಕಳಿಗೆ ಹಣದ ಲೆಕ್ಕವನ್ನು ಮುಚ್ಚಿಡುವುದು ಮಧ್ಯಮವರ್ಗದ ಒಂದು ಕೆಟ್ಟ ಅಭ್ಯಾಸ. ಬಡ್ಡಿಯ ಲೆಕ್ಕವೇನೂ ಕನ್ನಡಿಗರಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ರಚಿಸಿದ ಸಂಸ್ಕೃತದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳು ವಿಪುಲವಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ಬರೆದ ಗ್ರಂಥದ ಹೆಸರೇ 'ವ್ಯವಹಾರಗಣಿತ'. ಇಂದಿನ ವ್ಯವಹಾರದಲ್ಲಿ ಮಗು ಮೊದಲು ಕಾಣುವುದು ಕಂತಿನ ಜಾಹೀರಾತನ್ನು. 12,000 ರೂಪಾಯಿ ಸಾಲ, 'ಶೇಕಡಾ 10 ಮಾತ್ರ', ಹನ್ನೆರಡು ಕಂತು. ಬಡ್ಡಿ 1,200, ಕಂತು ತಿಂಗಳಿಗೆ 1,100. ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈಗ ಮಗುವಿಗೆ ಒಂದು ಹಾಳೆ ಕೊಟ್ಟು, ಪ್ರತಿ ತಿಂಗಳೂ ಕೈಯಲ್ಲಿ ನಿಜವಾಗಿ ಉಳಿದ ಅಸಲೆಷ್ಟು ಎಂದು ಬರೆಯಿಸಬೇಕು. ಮೊದಲ ತಿಂಗಳು 12,000, ಎರಡನೆಯದು 11,000, ಹೀಗೆ ಇಳಿದು ಕೊನೆಗೆ 1,000. ಕೂಡಿದರೆ 78,000, ಹನ್ನೆರಡರಿಂದ ಭಾಗಿಸಿದರೆ ಸರಾಸರಿ 6,500. ವರ್ಷಪೂರ್ತಿ ಬಳಸಿದ್ದು ಸರಾಸರಿ ಇಷ್ಟು ಹಣ, ತೆತ್ತ ಬಡ್ಡಿ 1,200. ದರ ಹತ್ತಲ್ಲ, ಸುಮಾರು ಹದಿನೆಂಟು. ಸರಾಸರಿ ಎಂಬುದು ಪರೀಕ್ಷೆಯ ಅಂಕಗಳಿಗೆ ಮಾತ್ರ ಇರುವುದಲ್ಲವೆಂದು ಆ ಹಾಳೆ ಹೇಳುವಷ್ಟು ಸ್ಪಷ್ಟವಾಗಿ ಯಾವ ಉಪನ್ಯಾಸವೂ ಹೇಳದು. ಕೈಸಾಲದ ಮಾತಿನಲ್ಲಿ 'ನೂರಕ್ಕೆ ಎರಡು' ಎಂದರೆ ತಿಂಗಳಿಗೆಂದೂ, ವರ್ಷಕ್ಕೆ ಅದು 24 ಎಂದೂ ಜೊತೆಗೇ ತಿಳಿಸಬಹುದು.

ಪಾಲಕರಿಂದ ಆಗುವ ಪ್ರಮಾದವೂ ಒಂದಿದೆ. ಎಂಟು ಗಂಟೆಯ ಲೋಕಲ್ ಹಿಡಿದು ದಣಿದು ಬಂದ ತಂದೆ, ಊಟದ ತಟ್ಟೆಯ ಮುಂದೆ ಥಟ್ಟನೆ ಪ್ರಶ್ನೆ ಎಸೆದು ಉತ್ತರ ತಡವಾದರೆ ಸಿಡಿಮಿಡಿಗೊಳ್ಳುವುದು. ಆಗ ಮನೆಯೂ ಮತ್ತೊಂದು ಪರೀಕ್ಷಾ ಕೊಠಡಿಯಾಗುತ್ತದೆ. ದಿನಕ್ಕೊಂದು ಪ್ರಶ್ನೆ ಬೇಡ, ವಾರಕ್ಕೊಂದು ಇರಲಿ. ತಪ್ಪು ಉತ್ತರ ಬಂದಾಗ 'ಹೇಗೆ ಮಾಡಿದೆ?' ಎಂದು ಕೇಳಿ ಸುಮ್ಮನಿರುವ ತಾಳ್ಮೆ ಇರಲಿ.

ಭಾನುವಾರ ಮಧ್ಯಾಹ್ನಕ್ಕೆ ಚೌಕಾಬಾರ ಇದೆ. ನಾಲ್ಕು ಕವಡೆ ಎಸೆದರೆ ಮೇಲೆ ಮಲಗಿದವು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಕೆ. ನಾಲ್ಕೂ ಕವುಚಿ ಬಿದ್ದರೆ ಎಂಟು. ಎಂಟು ಅಪರೂಪವೇಕೆ, ಎರಡು ಪದೇ ಪದೇ ಏಕೆ? ಒಂದೊಂದು ಕವಡೆಗೂ ಎರಡು ಬಗೆ, ನಾಲ್ಕಕ್ಕೆ ಒಟ್ಟು 16 ಬಗೆ. ಅವುಗಳಲ್ಲಿ ಎಂಟು ಬೀಳುವುದು ಒಂದು ಬಗೆಯಲ್ಲಿ, ಒಂದು ಬೀಳುವುದು ನಾಲ್ಕು, ಎರಡು ಬೀಳುವುದು ಆರು, ಮೂರು ಬೀಳುವುದು ನಾಲ್ಕು, ನಾಲ್ಕು ಬೀಳುವುದು ಮತ್ತೆ ಒಂದೇ ಬಗೆಯಲ್ಲಿ. ಹಾಗಾದರೆ 160 ಸಲ ಎಸೆದರೆ ಎಂಟು ಸುಮಾರು ಹತ್ತು ಸಲ, ಎರಡು ಸುಮಾರು ಅರವತ್ತು ಸಲ ಬೀಳಬೇಕು. ಅಣ್ಣ ಎಸೆಯಲಿ, ತಂಗಿ ಬರೆದುಕೊಳ್ಳಲಿ. ಲೆಕ್ಕ ಬಹಳ ಬೇರೆ ಬಂದರೆ ಜಗಳ ಬೇಡ; ಕವಡೆಯ ಎರಡು ಮೈಯೂ ಸಮನಲ್ಲವಲ್ಲ. ಒಂದು ಮೈ ತೇಯ್ದ ಹುಣಸೆಬೀಜ ನಾಲ್ಕನ್ನು ತಂದು ಮತ್ತೆ ಮೊದಲಿನಿಂದ ಎಸೆದು ನೋಡಬಹುದು.